ಎಣ್ಣೆ ಕುಡಿಯದ ಹೊಲಿಗೆ ಮಿಷನ್ನು

ಸತ್ತ ಮಿಷನ್ನುಗಳು ನಮ್ಮ ಮನೆಗೆ ಬರುವುದು ಹೆಚ್ಚಾಗಿ ಹಳೆ ಸೀರೆ ಹೊದ್ದುಕೊಂಡು. ಮೇ ತಿಂಗಳ ಆ ಮಧ್ಯಾಹ್ನ ಕೋಟದ ನಮ್ಮ ಅಂಗಳಕ್ಕೆ ಬಂದ ರಿಕ್ಷಾದೊಳಗೂ ಅಂಥದ್ದೇ ಒಂದು ಗಂಟಿತ್ತು. ತೆಕ್ಕಟ್ಟೆಯಿಂದ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ ಹೆಂಗಸಿಗೆ ಬೀಡು ಕಬ್ಬಿಣದ ಭಾರಕ್ಕೆ ಕಾಲು ಜೋಮು ಹಿಡಿದು, ಇಳಿಯಲು ನಾನೇ ಕೈ ಕೊಡಬೇಕಾಯಿತು.

"ಅಕ್ಕಾ, ಮಿಷನ್ ರಿಪೇರಿ ಮಾಡು ಹೆಂಗ್ಸ್ ನೀವೇ ಅಲ್ದಾ?"

"ಹೌದ್. ಎಂತ ಆಯ್ತ್ ಇದ್ಕೆ?"

"ಚಕ್ರ ತಿರ್ಗುದೇ ಇಲ್ಲ. ಪೇಟೆ ಅಂಗ್ಡಿಯವ್ರ್ ಗುಜ್ರಿಗೆ ಹಾಕಿ ಅಂದ್ರ್."

ಮುಂಬಯಿಯ ಗಾರ್ಮೆಂಟ್ ಕಾರ್ಖಾನೆಗೆ ಹೊಲಿಯಲು ಹೋಗಿ, ಹೊಲಿಗೆಗಿಂತ ಹೆಚ್ಚು ಮಿಷನ್ ಬಿಚ್ಚುವುದನ್ನೇ ಕಲಿತು ಊರಿಗೆ ಬಂದವಳು ನಾನು. ಖಾಲಿ ಬಿದ್ದಿದ್ದ ದನದ ಹಟ್ಟಿಯಲ್ಲಿ ಗಟ್ಟಿ ಮೇಜೊಂದನ್ನು ಹಾಕಿ, ಗೋಡೆಗೆ ಮೊಳೆ ಹೊಡೆದು ತಿರುಪುಳಿ, ಅರ, ಇಕ್ಕಳಗಳನ್ನು ನೇತು ಹಾಕಿದ್ದೆ. ಬ್ಲೌಸ್ ಹೊಲಿಯುವುದು ಜಗಲಿಯಲ್ಲಿ, ರಿಪೇರಿ ಹಟ್ಟಿಯಲ್ಲಿ. "ದನ ಇಪ್ಪ ಹೊತ್ತಿಗೆ ಹಾಲಾರೂ ಸಿಕ್ತಿತ್ತ್" ಎಂದು ನನ್ನ ಅತ್ತೆ ಆಗಾಗ ಚುಚ್ಚುತ್ತಿದ್ದರು. ಆದರೆ ಯಾರಾದರೂ ಮಿಷನ್ ಹೊತ್ತು ಬಂದರೆ ಮೊದಲು ಬಂದು ಇಣುಕುವವರೂ ಅವರೇ.

ತೆಕ್ಕಟ್ಟೆಯಾಕೆ ಬೆಂಚಿನ ತುದಿಯಲ್ಲಿ ಕುಳಿತು ಹೇಳಿದ್ದಿಷ್ಟು. ಗಂಡ ಬೋಟಿನಲ್ಲಿ ಕೆಲಸ ಮಾಡುತ್ತಾನೆ. ಮಳೆಗಾಲ ಬಂತೆಂದರೆ ಬೋಟು ದಡಕ್ಕೆ, ಗಂಡ ಮನೆಗೆ. ಮಳೆಗಾಲದಲ್ಲಿ ಒಲೆ ಉರಿಯಬೇಕಾದರೆ ಈಕೆಯ ಹೊಲಿಗೆ ನಡೆಯಬೇಕು. ಇಷ್ಟು ವರ್ಷ ಹರಿದದ್ದು ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು ಇಷ್ಟೇ. ಈ ಸಲ ಊರಿನ ಚಿಕ್ಕ ಶಾಲೆಯ ಹೆಡ್ ಟೀಚರು, ಪ್ರತಿವರ್ಷ ಪೇಟೆಯ ಅಂಗಡಿಗೆ ಹೋಗುತ್ತಿದ್ದ ಯೂನಿಫಾರ್ಮಿನ ಕೆಲಸದಲ್ಲಿ ಸಣ್ಣ ಮಕ್ಕಳ ಪಾಲನ್ನು ಈಕೆಗೆ ಕೊಟ್ಟಿದ್ದರು. ಶಾಲೆ ಶುರುವಾಗುವ ದಿನ ಮಕ್ಕಳ ಮೈಮೇಲೆ ಇರಬೇಕು. ಇಲ್ಲದಿದ್ದರೆ ಕೆಲಸ ಮತ್ತೆ ಪೇಟೆಗೇ, ಮುಂದೆ ಕೇಳಲು ಬರುವ ಹಾಗಿಲ್ಲ. ಬಟ್ಟೆಯ ಥಾನು ಮನೆಗೆ ಬಂದು ಬಿದ್ದಿದೆ, ಮಿಷನ್ನು ಕಲ್ಲಾಗಿದೆ.

"ಕೆಲವ್ ತಿಂಗ್ಳಿಂದ ಮೆಟ್ಟುಕೆ ಭಾರ ಆತಿತ್ತ್ ಅಕ್ಕಾ. ನನ್ ಕಾಲೇ ಸೋತದ್ ಅಂದ್ಕಂಡೆ. ಎರಡ್ನೇ ಹೆರ್ಗಿ ಆದ್ಮೇಲೆ ನಂಗ್ ಶಕ್ತಿಯೇ ಇಲ್ಲ. ಮನೇಲೂ ಹಾಂಗೇ ಹೇಳ್ತ್ರ್, ಹೊಲ್ಗಿ ಎಲ್ಲ ನಿನ್ ಕೈಯಗ್ ಆಪುದಲ್ಲ ಅಂದೇಳಿ."

ಮೆಟ್ಟುವ ಮಿಷನ್ ಭಾರವಾದರೆ ಕಾಲನ್ನು ದೂರುವುದು ನಾನು ಎಲ್ಲೆಡೆ ಕಂಡದ್ದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಹೆಂಗಸರು ಅದರ ಉಲ್ಟಾ, ನೆಲ ನಿಜವಾಗಿ ಡೊಂಕಾಗಿದ್ದರೂ ಕುಣಿಯಲು ಬಾರದ್ದು ತಮಗೇ ಎನ್ನುತ್ತಾರೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಮಾತು ಬಿಟ್ಟು ತಿರುಪುಳಿ ಹಿಡಿಯುತ್ತೇನೆ.

ಆದರೆ ಮೊದಲ ತಿರುಪಿನಲ್ಲೇ ತಡೆಯಾಯಿತು. ಸೂಜಿಯ ಬದಿಯ ಮುಚ್ಚಳದ ತಿರುಪಿನ ತಲೆಯ ಗೀರು ಅಳಿಸಿ ಬಟ್ಟಲಿನಂತಾಗಿತ್ತು. ಯಾರ ಕೆಲಸ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದರು.

"ತಮ್ಮ ಬಂದಿದ. ಮೀನ್ ಕೊಯ್ಯು ಕತ್ತಿ ಮೊನೆ ಹಾಕಿ ತಿರ್ಗ್ಸಿದ. ಆತಿಲ್ಲ ಅಂದ್ಕಂಡ್ ಚಕ್ರವನ್ನೂ ಎರಡ್ ಕೈಯಗ್ ಹಿಡ್ದ್ ತಿರ್ಪಿದ."

ತಿರುಪಿನ ವಿಷಯದಲ್ಲಿ ನಾನು ಯಾರನ್ನೂ ಕ್ಷಮಿಸುವುದಿಲ್ಲ. ತಿರುಪುಳಿಯ ಬಾಯಿ ತಿರುಪಿನ ಗೀರನ್ನು ಪೂರ್ತಿ ತುಂಬಬೇಕು, ಅಗಲದಲ್ಲೂ ದಪ್ಪದಲ್ಲೂ. ಅಂಗಡಿಯಲ್ಲಿ ಸಿಗುವ ತಿರುಪುಳಿಯ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಒತ್ತಿದಷ್ಟೂ ಮೇಲಕ್ಕೆ ಜಾರಿ ಗೀರನ್ನು ತಿನ್ನುತ್ತದೆ. ಹಾಗಾಗಿ ನಾನು ಹೊಸ ತಿರುಪುಳಿ ತಂದ ದಿನವೇ ಅದರ ತುದಿಯನ್ನು ಅರದಿಂದ ಉಜ್ಜಿ ಎರಡೂ ಮುಖ ಸಮಾನಾಂತರವಾಗುವಂತೆ ಮಾಡುತ್ತೇನೆ. ಮನೆಯಲ್ಲಿ ಒಂದೇ ತಿರುಪುಳಿ ಇಟ್ಟುಕೊಂಡು ಪೇಂಟಿನ ಡಬ್ಬ ತೆರೆಯುವುದರಿಂದ ಹಿಡಿದು ಗಡಿಯಾರದವರೆಗೆ ಅದನ್ನೇ ಓಡಿಸುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು, ಅಳಿಸಿದ ಗೀರನ್ನು ನಿಧಾನ ಆಳ ಮಾಡಿದೆ. ಆಮೇಲೆ ಅದರ ಅಳತೆಗೆ ಸರಿಯಾಗಿ ಒಂದು ತಿರುಪುಳಿಯನ್ನು ಉಜ್ಜಿದೆ. ತುದಿಯನ್ನು ಗೀರಿನಲ್ಲಿ ಕೂರಿಸಿ ಹಿಡಿಕೆಯ ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಮೆಲ್ಲಗೆ ಕುಟ್ಟಿದೆ. ಹಿಡಿದ ತುಕ್ಕು ಬಿಡಲು ಈ ಕುಟ್ಟುವುದು ಬಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಹಿಂದಕ್ಕೆ ತಿರುಗಿಸಿದೆ. ಕಿರ್ ಎಂದು ತಿರುಪು ಎದ್ದು ಬಂತು. ಅಷ್ಟರಲ್ಲಿ ಸಂಜೆಯ ಚಾ ಹೊತ್ತಾಗಿತ್ತು.

"ಒಂದ್ ತಿರ್ಪಿಗೆ ಇಷ್ಟ್ ಹೊತ್ತಾ?" ಅತ್ತೆ ಚಾ ಲೋಟ ಇಟ್ಟು ಕೇಳಿದರು.

"ಮೀನ್ ಕೊಯ್ದಷ್ಟ್ ಬೇಗ ಆತಿಲ್ಲ ಅತ್ತೆ" ಎಂದೆ. ತೆಕ್ಕಟ್ಟೆಯಾಕೆ ಬಂದ ಮೇಲೆ ಮೊದಲ ಸಲ ನಕ್ಕರು.

ಮಿಷನ್ ಎಲ್ಲಿ ಹಿಡಿದಿದೆ ಎಂದು ಹುಡುಕುವುದಕ್ಕೆ ಒಂದೇ ದಾರಿ: ಒಂದೊಂದೇ ಭಾಗವನ್ನು ಬಿಡಿಸುತ್ತ ಬಂದು, ತಪ್ಪಿಲ್ಲದ್ದನ್ನು ಬದಿಗಿಡುವುದು. ಕೈಚಕ್ರದ ನಡುವಿನ ದೊಡ್ಡ ತಿರುಪನ್ನು ಸಡಿಲಿಸಿದಾಗ ಚಕ್ರ ಮಾತ್ರ ತಿರುಗಿತು, ಶಾಫ್ಟು ಅಲ್ಲಾಡಲಿಲ್ಲ. ಅಂದರೆ ಚಕ್ರದ್ದು ತಪ್ಪಿಲ್ಲ. ಕೆಳಗಿನ ಲಾಳಿ ತೆಗೆದು ನೋಡಿದೆ, ನೂಲು ಸಿಕ್ಕಿಕೊಂಡಿರಲಿಲ್ಲ. ಮೇಲಿನಿಂದ ಕೆಳಕ್ಕೆ ಇಳಿಯುವ ಉದ್ದದ ಕೊಂಡಿಯನ್ನು ಕಳಚಿದೆ. ಕೆಳಗಿನ ಭಾಗವೆಲ್ಲ ಬೆರಳಿನಲ್ಲಿ ತಳ್ಳಿದರೆ ಆಡುತ್ತಿತ್ತು. ಸೂಜಿಯ ಕಂಬಿಯನ್ನೂ ಬೇರೆ ಮಾಡಿ ನೋಡಿಯಾಯಿತು. ಉಳಿದದ್ದು ತೋಳಿನೊಳಗೆ ಅಡ್ಡ ಮಲಗಿರುವ ಮುಖ್ಯ ಶಾಫ್ಟು ಮತ್ತು ಅದು ಕೂರುವ ಲೋಹದ ಎರಡು ಬಳೆಗಳು, ಅಂದರೆ ಬುಷ್. ಅಲ್ಲಿಯೇ ಅದು ಬೆಸುಗೆ ಹಾಕಿದಂತೆ ಹಿಡಿದುಕೊಂಡಿತ್ತು.

"ಎಣ್ಣೆ ಬಿಡ್ತಿದ್ರ್ಯಾ?"

"ವಾರ ವಾರ ಬಿಡ್ತಿದೆ ಅಕ್ಕಾ. ದೇವ್ರಾಣೆ. ಅಬ್ಬಿ ಇಪ್ಪ ಹೊತ್ತಿಗೆ ತೆಂಗಿನೆಣ್ಣೆ ಬಿಡುದಿತ್ತ್. ನಾನ್ ಮಿಷನ್ ಎಣ್ಣೆಯೇ ಬಿಡುದ್."

ಮಿಷನ್ನು ಆಕೆಯ ಅಬ್ಬಿಯದು, ಎಂದರೆ ತೀರಿಹೋದ ತಾಯಿಯದು. ಎಣ್ಣೆಯ ಮಾತು ಸುಳ್ಳಲ್ಲ. ಮಿಷನ್ನಿನ ಮೈಯೆಲ್ಲ ಎಣ್ಣೆ ಪಸೆ. ಹಾಗಿದ್ದ ಮೇಲೆ ಶಾಫ್ಟು ಒಣಗಿ ಹಿಡಿದದ್ದು ಹೇಗೆ? ತೋಳಿನ ನೆತ್ತಿಯ ಮೇಲಿರುವ ಎಣ್ಣೆ ತೂತಿಗೆ ಒಂದು ದಪ್ಪ ಸೂಜಿ ಚುಚ್ಚಿದೆ. ಸೂಜಿ ಒಳಗೆ ಹೋಗಲೇ ಇಲ್ಲ. ಕೆರೆದು ಎಬ್ಬಿಸಿದಾಗ ಕೆಂಪಗಿನ ಗಟ್ಟಿ ಬಿಲ್ಲೆಯೊಂದು ಎದ್ದು ಬಂತು. ಮೂಸಿ ನೋಡಿದೆ. ಗಂಧ, ಕುಂಕುಮ, ಕಮಟು ತೆಂಗಿನೆಣ್ಣೆ.

ನವರಾತ್ರಿಯಲ್ಲಿ ಆಯುಧ ಪೂಜೆಯ ದಿನ ನಮ್ಮ ಕಡೆ ಕತ್ತಿ, ಹಾರೆ, ಬಸ್ಸು, ಹೊಲಿಗೆ ಮಿಷನ್ನು, ಯಾವುದನ್ನೂ ಬಿಡದೆ ಗಂಧ ಕುಂಕುಮ ಹಚ್ಚಿ ಹೂ ಇಟ್ಟು ಪೂಜೆ ಮಾಡುತ್ತೇವೆ. ಮಿಷನ್ನಿಗೆ ಬೊಟ್ಟು ಎಲ್ಲಿ ಇಡಬೇಕು? ನೆತ್ತಿಯ ಮೇಲೆ ಬೊಟ್ಟಿಗೆಂದೇ ಮಾಡಿದ ಹಾಗೆ ಗುಂಡಗಿನ ತೂತು ಇದೆಯಲ್ಲ, ಅಲ್ಲಿ! ಒದ್ದೆ ಗಂಧ ತೂತಿನೊಳಗೆ ಇಳಿದು ಒಣಗುತ್ತದೆ, ಮುಂದಿನ ವರ್ಷ ಅದರ ಮೇಲೆ ಇನ್ನೊಂದು. ವಾರ ವಾರ ಬಿಟ್ಟ ಎಣ್ಣೆ ಬೊಟ್ಟಿನ ಮೇಲೆ ನಿಂತು ಬದಿಗೆ ಹರಿದು ಹೋಗಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಎನ್ನುವ ಮಾತು ಇಷ್ಟು ಸರಿಯಾಗಿ ಹೊಂದಿದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಒಳಗೆ ಉಳಿದದ್ದು ಹಿಂದಿನ ಕಾಲದ ತೆಂಗಿನೆಣ್ಣೆ. ಅದು ಹಳತಾಗಿ ಧೂಳು ಸೇರಿ ಅಂಟಾಗಿ ಶಾಫ್ಟನ್ನು ಹಿಡಿದು ಕೂತಿತ್ತು.

"ಅಲ್ಲೇ ಇಡ್ತಿದಿತ್ ಅಬ್ಬಿ" ಎಂದರು ತೆಕ್ಕಟ್ಟೆಯಾಕೆ, ನನ್ನ ಅಂಗೈಯ ಮೇಲಿದ್ದ ಕೆಂಪು ಬಿಲ್ಲೆಯನ್ನು ನೋಡುತ್ತ. "ಅಬ್ಬಿ ಹೋದ್ಮೇಲೆ ನಾನೂ ಅಲ್ಲೇ ಇಟ್ಟೆ. ಕೆಳ್ಗಿನ್ ಬೊಟ್ಟ್ ಅಬ್ಬಿ ಕೈಯಗ್ ಇಟ್ಟದ್." ಆ ಬಿಲ್ಲೆಯನ್ನು ಕೇಳಿ ಪಡೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಮಿಕ್ಕ ತೂತುಗಳನ್ನು ಬಿಡಿಸುವ ಕೆಲಸವನ್ನು ನಾನು ಅವರ ಕೈಗೇ ಕೊಟ್ಟೆ.

ಅತ್ತೆ ಎಲ್ಲಿ ಎಂದು ತಿರುಗಿದರೆ ಅವರು ಹಟ್ಟಿಯಲ್ಲಿ ಇರಲಿಲ್ಲ. ಜಗಲಿಯಲ್ಲಿದ್ದ ನನ್ನ ಮಿಷನ್ನಿನ ಮೇಲೆ ಬಗ್ಗಿ ಹೇರ್‌ಪಿನ್ನಿನಲ್ಲಿ ಏನನ್ನೋ ಕೆರೆಯುತ್ತಿದ್ದರು. ನಾನು ಕಾಣದವಳ ಹಾಗೆ ಒಳಗೆ ಬಂದೆ.

ರೋಗ ಗೊತ್ತಾದ ಕೂಡಲೇ ಗುಣವಾಗುವುದಿಲ್ಲ. ಹಳೆ ಸಿರಿಂಜಿನಲ್ಲಿ ಸೀಮೆಎಣ್ಣೆ ಎಳೆದು ಎರಡೂ ಬುಷ್‌ಗಳಿಗೆ ಬಿಟ್ಟೆ. ಇಡೀ ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ಚಕ್ರ ಹಿಡಿದರೆ ಅಲ್ಲಾಡಲಿಲ್ಲ. ಮತ್ತೆ ಬಿಟ್ಟೆ, ತೋಳಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದೆ. ಮರುದಿನವೂ ಹಾಗೆಯೇ. ತೆಕ್ಕಟ್ಟೆಯಾಕೆ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಸುಮ್ಮನೆ ಕುಳಿತು ಉಗುರು ಕಚ್ಚುವುದು ಬೇಡ, ಬಟ್ಟೆ ತನ್ನಿ ಎಂದೆ. ನಮ್ಮ ಜಗಲಿಯ ನೆಲದಲ್ಲಿ ನೀಲಿ ಬಟ್ಟೆ ಹಾಸಿ ಲಂಗ, ಚಡ್ಡಿ, ಅಂಗಿಗಳನ್ನು ಕತ್ತರಿಸತೊಡಗಿದರು. ಅಚ್ಚುಕಟ್ಟಾದ ಕೈ, ಚೂರು ಬಟ್ಟೆಯನ್ನೂ ಪೋಲು ಮಾಡುತ್ತಿರಲಿಲ್ಲ. ಕತ್ತರಿಸಿದ್ದರ ರಾಶಿ ಏರುತ್ತ ಹೋಯಿತು, ಹೊಲಿದದ್ದು ಒಂದೂ ಇಲ್ಲ.

ಮದುವೆಯ ಸೀಸನ್. ನನ್ನ ಮಿಷನ್ನಿಗೆ ಬಿಡುವಿಲ್ಲದಷ್ಟು ಬ್ಲೌಸುಗಳಿದ್ದವು. ಆದರೂ ಬೆಳಿಗ್ಗೆ ಒಂದಿಷ್ಟು ಹೊತ್ತು ನನ್ನದರಲ್ಲೇ ಹೊಲಿಯಿರಿ ಎಂದೆ. ಆಕೆ ಒಪ್ಪಲಿಲ್ಲ.

"ನಿಮ್ ಮನೆಯಗೆ ನಿಮ್ ಮಿಷನ್ನಗೆ ಹೊಲ್ದ್ರೆ ಅದ್ ಕೋಟದವ್ರ್ ಹೊಲ್ದದ್ ಅಂಬ್ರ್ ಅಕ್ಕಾ. ನನ್ ಕೈಯಗ್ ಆತಿಲ್ಲ ಅಂಬುದ್ ಹಾಂಗೇ ಉಳೀತ್ತ್."

ಹಾಗಾದರೆ ಆಕೆಯ ಮಿಷನ್ನೇ ಓಡಬೇಕು. ಮುಂದಿನದ್ದನ್ನು ಅವತ್ತೇ ತೀರ್ಮಾನಿಸಬೇಕಿತ್ತು. ಶಾಫ್ಟಿನ ತುದಿಗೆ ದೊಡ್ಡ ಸುತ್ತಿಗೆಯಿಂದ ಹೊಡೆದರೆ ಬಿಡಬಹುದು, ಆದರೆ ಬಾಗಿದ ಶಾಫ್ಟು ಮತ್ತೆ ನೆಟ್ಟಗಾಗುವುದಿಲ್ಲ. ಬಿಸಿ ಕೊಟ್ಟರೆ ಬೀಡು ಕಬ್ಬಿಣ ಹಿಗ್ಗುತ್ತದೆ, ಒಳಗಿನ ಅಂಟು ಕರಗುತ್ತದೆ. ಆದರೆ ಬೀಡಿಗೆ ಒಂದೇ ಕಡೆ ಜೋರು ಬಿಸಿ ತಾಗಿದರೆ ಬಿರುಕು. ಮುಂಬಯಿಯಲ್ಲಿ ಒಬ್ಬ ಮೆಕ್ಯಾನಿಕ್ ಬ್ಲೋ ಲ್ಯಾಂಪಿನ ಜ್ವಾಲೆ ಹಿಡಿದು, ತೋಳು ಟಪ್ ಎಂದು ಸೀಳಿದ್ದನ್ನು ಕಣ್ಣಾರೆ ಕಂಡಿದ್ದೆ. ಬಿಸಿ ಬೇಕು, ಜ್ವಾಲೆ ಬೇಡ. ಹರಡಿಕೊಂಡ ಬಿಸಿ ಬೇಕು, ನಿಧಾನದ ಬಿಸಿ.

ಜಗಲಿಯಲ್ಲಿ ಅತ್ತೆ ನನ್ನ ಬ್ಲೌಸುಗಳಿಗೆ ಇಸ್ತ್ರಿ ಹಾಕುತ್ತಿದ್ದರು. ನಮ್ಮಲ್ಲಿ ಆಗಲೂ ಕೆಂಡದ ಇಸ್ತ್ರಿ ಪೆಟ್ಟಿಗೆ; ಕರೆಂಟನ್ನು ನಂಬಿ ಯಾರು ಮದುವೆ ಬ್ಲೌಸು ಒಪ್ಪಿಕೊಳ್ಳುತ್ತಾರೆ? ತೆಂಗಿನ ಗೆರಟೆಯ ಕೆಂಡ ತುಂಬಿದ ಆ ಪೆಟ್ಟಿಗೆ ರೇಷ್ಮೆಯನ್ನು ಸುಡದೆ ಹದವಾಗಿ ಬಿಸಿ ಮಾಡುತ್ತದೆ. ರೇಷ್ಮೆಗೆ ಆಗುವುದು ಬೀಡಿಗೆ ಯಾಕಾಗಬಾರದು ಎಂದು ಹೊಳೆದದ್ದು ಆಗ.

ತೆಕ್ಕಟ್ಟೆಯಾಕೆಯನ್ನು ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದೆ. "ಬಿಸಿ ಕೊಡ್ತೆ. ಬಿಟ್ರೆ ಬಿಡ್ತ್. ಒಡ್ದ್ ಹೋರೆ ಮತ್ತೆ ಎಂತ ಮಾಡುಕೂ ಆತಿಲ್ಲ, ಗುಜ್ರಿಯೇ ಸೈ. ನಿಮ್ ಅಬ್ಬಿ ಮಿಷನ್. ನೀವೇ ಹೇಳಿ."

ಆಕೆ ಕತ್ತರಿಸಿದ ಬಟ್ಟೆಯ ರಾಶಿಯನ್ನೊಮ್ಮೆ ನೋಡಿದರು. "ಈಗ್ಲೂ ಗುಜ್ರಿಯೇ ಅಲ್ದಾ ಅಕ್ಕಾ. ಮಾಡಿ."

ಅವಸರ ಮಾಡಲಿಲ್ಲ. ಸೀಮೆಎಣ್ಣೆಯ ಪಸೆ ಇರುವಲ್ಲಿ ಕೆಂಡ ತರುವುದು ಹುಚ್ಚುತನ. ಮಿಷನ್ನನ್ನು ಬಟ್ಟೆಯಿಂದ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಅಂಗಳದ ಬಿಸಿಲಲ್ಲಿ ಒಣಗಿಸಿದೆ. ಸೀಮೆಎಣ್ಣೆ ಡಬ್ಬವನ್ನೂ ಎಣ್ಣೆಯ ಚಿಂದಿಗಳನ್ನೂ ಹಟ್ಟಿಯಿಂದ ದೂರ ಇಡಿಸಿದೆ. ತೋಳಿನ ಮೇಲಿನ ಚಿನ್ನದ ಬಣ್ಣದ ಹೂಬಳ್ಳಿ ಸುಡದಿರಲೆಂದು ದಪ್ಪ ಬಟ್ಟೆ ಮಡಚಿ ಹಾಸಿದೆ. ಅತ್ತೆ ಹೊಸ ಕೆಂಡ ತುಂಬಿ, ಬೂದಿ ಊದಿ, ಪೆಟ್ಟಿಗೆ ತಂದುಕೊಟ್ಟರು. ಅದರ ತಳವನ್ನು ಬುಷ್ ಇರುವ ಜಾಗಕ್ಕೆ ಆನಿಸಿ ಹಿಡಿದೆ, ಒಂದೇ ಕಡೆ ನಿಲ್ಲಿಸದೆ ಇಸ್ತ್ರಿ ಹಾಕುವ ಹಾಗೆಯೇ ಮೆಲ್ಲಗೆ ಆಚೀಚೆ ಆಡಿಸುತ್ತ. ಅಂಗೈ ಇಟ್ಟರೆ ತಾಳಲಾಗದಷ್ಟು ಬಿಸಿಯಾದ ಮೇಲೆ ಪೆಟ್ಟಿಗೆ ಬದಿಗಿಟ್ಟು, ತೂತಿಗೆ ಮಿಷನ್ ಎಣ್ಣೆಯ ಹನಿ ಬಿಟ್ಟೆ. ತಣಿಯುವಾಗ ಲೋಹ ಎಣ್ಣೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಇಷ್ಟು ದಿನ ಮೇಲೆ ನಿಲ್ಲುತ್ತಿದ್ದ ಹನಿ ಈ ಸಲ ಕಣ್ಣೆದುರೇ ಮಾಯವಾಯಿತು.

"ಕುಡೀತ್ ಕಾಣಿ!" ಎಂದರು ಅತ್ತೆ.

ಆದರೂ ಶಾಫ್ಟು ಜಗ್ಗಲಿಲ್ಲ. ಪೂರ್ತಿ ತಣಿಯಲು ಬಿಟ್ಟೆ. ಬೇಯುವ ತನಕ ಕಾದವಳಿಗೆ ಆರುವ ತನಕ ಕಾಯಲು ಆಗುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಬಿಸಿ, ಮತ್ತೆ ಎಣ್ಣೆ, ಮತ್ತೆ ತಣಿಸುವುದು. ಮಧ್ಯಾಹ್ನದ ಊಟ ಆರಿ ಹೋಯಿತು. ಮತ್ತೊಮ್ಮೆ ಬಿಸಿ ಕೊಟ್ಟು ಕೈಚಕ್ರದ ಮೇಲೆ ಬೆರಳಿಟ್ಟು, ತಿರುಗಿಸದೆ ಬರಿದೆ ಹಿಂದೆ ಮುಂದೆ ತೂಗಿದಾಗ ಏನೋ ಆಡಿದಂತಾಯಿತು. ಕಣ್ಣಿಗೆ ಕಾಣುವಷ್ಟಲ್ಲ, ಬೆರಳಿಗೆ ತಿಳಿಯುವಷ್ಟು. ಅಲ್ಲಿ ಬಲ ಹಾಕಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು. ತೂಗುತ್ತ, ಎಣ್ಣೆ ಬಿಡುತ್ತ, ಮತ್ತೆ ತೂಗುತ್ತ ಹೋದೆ. ಕಾಲು ಸುತ್ತು ಬಂತು, ಅರ್ಧ ಸುತ್ತು ಬಂತು. ಕಪ್ಪು ಅಂಟು ಬುಷ್‌ನ ಬದಿಯಿಂದ ಒಸರಿತು. ಆಮೇಲೆ ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು. ಅತ್ತೆ ಕೈ ಮುಗಿದರು. ನಾನು ಬೆವರು ಒರೆಸಿಕೊಂಡೆ.

ಕಳಚಿದ್ದನ್ನೆಲ್ಲ ಜೋಡಿಸಿ, ನಮ್ಮ ಮೆಟ್ಟುವ ಸ್ಟ್ಯಾಂಡಿನ ಮೇಲೆ ಕೂರಿಸಿ, ಬೆಲ್ಟು ಹಾಕಿದೆ. ತೆಕ್ಕಟ್ಟೆಯಾಕೆ ಕುಳಿತು ಅಭ್ಯಾಸಬಲದಿಂದ ಎರಡೂ ಕಾಲೂರಿ ಬಲವಾಗಿ ಮೆಟ್ಟಿದರು. ಮಿಷನ್ನು ಗಿರ್ರನೆ ಓಡಿತು. ಹೆದರಿ ಕಾಲು ತೆಗೆದರು. ಮತ್ತೆ ಮೆಲ್ಲಗೆ ಒಂದೇ ಪಾದ ಇಟ್ಟರು. ಓಡಿತು.

"ನನ್ ಕಾಲ್ ಸರಿ ಇತ್ತ್ ಅಕ್ಕಾ!" ಎಂದು ಕೂಗಿದರು. ಕಣ್ಣಲ್ಲಿ ನೀರು. "ಕಾಲ್ ಸರಿಯೇ ಇತ್ತ್!"

ನನಗೂ ಅಳು ಬಂತು. ಅತ್ತೆಯೂ ಅತ್ತರು, ಆಮೇಲೆ ಕೆಂಡದ ಹೊಗೆ ಎಂದರು.

ಆದರೆ ಬಟ್ಟೆ ಇಟ್ಟು ಹೊಲಿದಾಗ ಹೊಲಿಗೆ ತಪ್ಪುತ್ತಿತ್ತು. ನಾಲ್ಕು ಬಿದ್ದರೆ ಒಂದು ಬೀಳದು. ಆಕೆಯ ತಮ್ಮ ಎರಡೂ ಕೈಯಿಂದ ಚಕ್ರ ತಿರುಪಿದಾಗ ಸೂಜಿಯ ಕಂಬಿ ಜಾರಿ ಮೇಲಾಗಿತ್ತು. ನಾನು ಮರಳಿ ಜೋಡಿಸುವಾಗ ಆ ತಪ್ಪು ಎತ್ತರವನ್ನೇ ನಂಬಿದ್ದೆ. ಇದಕ್ಕೆ ಹೆದರಬೇಕಾಗಿಲ್ಲ. ಸೂಜಿ ತೀರ ಕೆಳಕ್ಕಿಳಿದು, ಒಂದು ನಾಣ್ಯದ ದಪ್ಪಕ್ಕಿಂತ ತುಸು ಹೆಚ್ಚು ಮೇಲೆದ್ದಾಗ, ಲಾಳಿಯ ಮೊನೆ ಸೂಜಿಯ ಕಣ್ಣಿಗಿಂತ ಸ್ವಲ್ಪ ಮೇಲೆ ಅದನ್ನು ಸವರಿಕೊಂಡು ಹಾಯಬೇಕು. ಆಗಲೇ ಅದು ನೂಲಿನ ಕುಣಿಕೆಯನ್ನು ಹಿಡಿಯುವುದು. ಕಂಬಿಯ ತಿರುಪನ್ನು ಸಡಿಲಿಸಿ ಕೂದಲೆಳೆಯಷ್ಟು ಕೆಳಗಿಳಿಸಿ ಬಿಗಿ ಮಾಡಿದೆ. ಹೊಲಿದು ನೋಡಿ, ಇನ್ನಷ್ಟು ಇಳಿಸಿದೆ. ಆಮೇಲೆ ತಿರುಪುಳಿಯನ್ನು ತೆಕ್ಕಟ್ಟೆಯಾಕೆಯ ಕೈಗೆ ಕೊಟ್ಟು, ಅದನ್ನೇ ಸಡಿಲಿಸಿ ಮತ್ತೆ ಕೂರಿಸಲು ಹೇಳಿದೆ. ಅವರೇ ಕೂರಿಸಿದರು. ಈ ಸಲ ಹೊಲಿಗೆ ಒಂದೂ ತಪ್ಪಲಿಲ್ಲ.

ಮಿಷನ್ನು ಅದೇ ಸೀರೆಯ ಗಂಟಿನಲ್ಲಿ ತೆಕ್ಕಟ್ಟೆಗೆ ಹೋಯಿತು. ಶಾಲೆಗೆ ಇನ್ನುಳಿದ ದಿನಗಳು ತೀರ ಕಡಿಮೆ. ಆಕೆ ಏನು ಮಾಡುತ್ತಿರಬಹುದು ಎಂದು ಬ್ಲೌಸಿನ ತೋಳು ಜೋಡಿಸುವಾಗಲೆಲ್ಲ ನೆನಪಾಗುತ್ತಿತ್ತು. ವಿಚಾರಿಸಲು ಅವರ ಮನೆಯಲ್ಲಿ ಫೋನ್ ಇರಲಿಲ್ಲ.

ಶಾಲೆ ಶುರುವಾಗುವ ದಿನ ಗುಂಡಿ ತರಲು ಕುಂದಾಪುರಕ್ಕೆ ಹೋಗುತ್ತೇನೆಂದು ಅತ್ತೆಗೆ ಹೇಳಿ ಬಸ್ಸು ಹತ್ತಿದೆ. "ಗುಂಡಿ ಕೋಟದಗೂ ಸಿಕ್ತ್" ಎಂದರು ಅವರು, ನಗುತ್ತ. ದಾರಿಯಲ್ಲಿ ಬರುವ ತೆಕ್ಕಟ್ಟೆಯಲ್ಲೇ ಇಳಿದೆ. ಆಗಷ್ಟೇ ಹಿಡಿದ ಮಳೆ. ಶಾಲೆಯ ಜಗಲಿಯಲ್ಲಿ ಸಣ್ಣ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ನೀಲಿ ಲಂಗ, ನೀಲಿ ಚಡ್ಡಿ, ಒಬ್ಬರೂ ಬಿಟ್ಟುಹೋಗದ ಹಾಗೆ. ತೆಕ್ಕಟ್ಟೆಯಾಕೆ ಮಾತ್ರ ಒಳಗಿರಲಿಲ್ಲ. ಕಂಪೌಂಡಿನ ಹೊರಗೆ ಕೊಡೆ ಹಿಡಿದು, ಸೆರಗಿಗೆ ನೂಲು ಪೋಣಿಸಿದ ಸೂಜಿ ಚುಚ್ಚಿಕೊಂಡು ನಿಂತಿದ್ದರು. ನಿದ್ದೆಗೆಟ್ಟ ಕಣ್ಣು ಕೆಂಪಗಿತ್ತು.

"ಇಲ್ಲೆಂತಕ್ಕೆ ನಿಂತದ್? ಒಳ್ಗ್ ಹೋಪುಕಾಗ್ದಾ?"

"ನನ್ನನ್ ಯಾರ್ ಕರ್ದಿರ್ ಅಕ್ಕಾ. ಯಾರದ್ದಾರೂ ಗುಂಡಿ ಕಿತ್ರೆ ಇರ್ಲಿ ಅಂದೇಳಿ ನಿಂತೆ."

ಪ್ರಾರ್ಥನೆ ಮುಗಿಯಿತು. ಜಗಲಿಯಿಂದ ಟೀಚರೊಬ್ಬರು ಕೈ ಬೀಸಿ ಕೂಗಿದರು. "ಹ್ವಾಯ್, ಟೈಲರ್ರೇ! ಇಲ್ಲ್ ಬನ್ನಿ ಕಾಂಬ!"

ಆಕೆ ನನಗೆ ದಾರಿ ಬಿಡಲು ಬದಿಗೆ ಸರಿದರು. "ಹೋಯ್ನಿ ಅಕ್ಕಾ, ನಿಮ್ಮನ್ ಕರೀತ್ರ್."

"ನನ್ನನ್ ಅಲ್ಲ ಮಾರಾಯ್ತಿ. ಆ ಟೀಚರಿಗೆ ನನ್ ಮುಖವೇ ಗೊತ್ತಿಲ್ಲ."

ಆಕೆ ಮತ್ತೆ ಜಗಲಿಯ ಕಡೆ ನೋಡಿದರು. ಟೀಚರ ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಸಡಿಲಾದ ಲಂಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೊಡೆಯನ್ನು ನನ್ನ ಕೈಗೆ ತುರುಕಿ, ಸೆರಗಿನ ಸೂಜಿಯನ್ನು ಕೀಳುತ್ತ, ತೆಕ್ಕಟ್ಟೆಯ ಟೈಲರು ಮಳೆಯಲ್ಲೇ ಓಡಿದರು.